ಪಿಯುಸಿ ಆದಮೇಲೆ ಭೌತವಿಜ್ಞಾನ: ಎಲ್ಲಿ ಸೇರಬೇಕು?

ಭೌತವಿಜ್ಞಾನದಲ್ಲಿ ಪದವಿ ಓದುತ್ತಲೇ ಸಂಶೋಧನೆಗೂ ಕೈ ಹಾಕಬೇಕು, ಅದಕ್ಕೆ ತಕ್ಕ ಜಾಗ ಯಾವುದು? ಪಿಯುಸಿ ಮುಗಿಸುತ್ತಿರುವವರಿಂದ, ಅವರ ಅಪ್ಪ ಅಮ್ಮಂದಿರಿಂದ ಬಂದ ಪತ್ರಗಳಲ್ಲಿ ಇದೇ ಪ್ರಶ್ನೆ ಹೆಚ್ಚು. ಒಂದೇ ಥರದವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದೆ.

ಐಐಎಸ್‌ಸಿ, ಐಸರ್, ನೈಸರ್ ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಸಂಶೋಧನೆಗೆ ಯಾವುದು ಮೇಲು? ನಾನು ಪಿಸಿಎಂಸಿ. ಜೀವಶಾಸ್ತ್ರ ಓದಿಲ್ಲದಿರುವುದು ಅಡ್ಡಿಯಾಗುತ್ತದೆಯೇ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಮೂರೂ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳು. ಮೂರರಲ್ಲೂ ಪಾಠ ಹೇಳುವವರೇ ಸಂಶೋಧನಾ ತಂಡಗಳನ್ನೂ ನಡೆಸುತ್ತಾರೆ. ಹಾಗಾಗಿ ಅವಕಾಶ ಇದೆಯೇ ಎಂಬ ಅನುಮಾನ ಬೇಡ. ಪದವಿಯ ಅವಧಿ, ಪರೀಕ್ಷೆ, ಅಕ್ಕಪಕ್ಕದ ಸಂಸ್ಥೆಗಳು, ಇವುಗಳಲ್ಲಿ ಮಾತ್ರ ವ್ಯತ್ಯಾಸ.

ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನದ ಬಿಎಸ್ ಪದವಿಯನ್ನು ಶುರುಮಾಡಿದ್ದು 2011ರಲ್ಲಿ. ನಾಲ್ಕು ವರ್ಷ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಸಾಮಾನ್ಯ ಪಾಠ, ಆಮೇಲೆ ಭೌತವಿಜ್ಞಾನವನ್ನು ಮೇಜರ್ ಮಾಡಿಕೊಳ್ಳಬಹುದು, ಕೊನೆಯ ವರ್ಷ ಸಂಶೋಧನಾ ಪ್ರಾಜೆಕ್ಟ್. ಬೇಕೆಂದವರು ಐದನೇ ವರ್ಷ ಉಳಿದು ಸ್ನಾತಕೋತ್ತರ ಪದವಿಯನ್ನೂ ಪಡೆಯಬಹುದು. ಐಸರ್‌ಗಳು (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಏಳು: ಪುಣೆ, ಕೋಲ್ಕತಾ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬೆರ್ಹಾಂಪುರ. ಅಲ್ಲಿ ಐದು ವರ್ಷದ ಬಿಎಸ್-ಎಂಎಸ್, ಐದನೇ ವರ್ಷದ ದೊಡ್ಡ ಭಾಗ ಥೀಸಿಸ್‌ಗೇ ಮೀಸಲು. ಭುವನೇಶ್ವರದ ನೈಸರ್ (ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಅಣುಶಕ್ತಿ ಇಲಾಖೆಯದು. ಅಲ್ಲಿಯದೂ ಐದು ವರ್ಷದ ಎಂಎಸ್‌ಸಿ. ಅದಕ್ಕೆ ನೆಸ್ಟ್ ಪರೀಕ್ಷೆ ಬರೆಯಬೇಕು. ಅದೇ ಪರೀಕ್ಷೆಯಿಂದ ಮುಂಬೈ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮೂಲವಿಜ್ಞಾನ ಕೇಂದ್ರ ಸಿಇಬಿಎಸ್‌ಗೂ ಸೇರಬಹುದು. ಈ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಬ್ಯಾಚ್ ಚಿಕ್ಕದು, ಟಿಐಎಫ್‌ಆರ್ ಮತ್ತು ಬಿಎಆರ್‌ಸಿ ಎಂಬ ದೊಡ್ಡ ಸಂಶೋಧನಾ ಕೇಂದ್ರಗಳಿರುವ ಊರು.

ಮೇಲು ಕೀಳು ನೋಡುವುದಕ್ಕಿಂತ ನೆರೆಹೊರೆ ನೋಡಿ. ಖಗೋಳದ ಒಲವಿದ್ದರೆ ಪುಣೆ ಐಸರ್‌ಗೆ ಐಯೂಕಾ, ಎನ್‌ಸಿಆರ್‌ಎ ಎಂಬ ಖಗೋಳ ಸಂಶೋಧನಾ ಕೇಂದ್ರಗಳೆರಡೂ ಹತ್ತಿರ. ಬೆಂಗಳೂರಿನಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಎಲ್ಲವೂ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿವೆ. ರಜೆಯವರೆಗೆ ಕಾಯದೆ ಸೆಮಿಸ್ಟರ್ ನಡುವೆಯೇ ಹೊರಗಿನ ಗೈಡ್ ಹತ್ತಿರ ಕೆಲಸ ಮಾಡಲು ಇದರಿಂದ ಸಾಧ್ಯವಾಗುತ್ತದೆ.

ಇನ್ನು ಜೀವಶಾಸ್ತ್ರ. ಐಸರ್ ಪ್ರವೇಶಕ್ಕೆ ಬರೆಯುವ ಐಎಟಿಯಲ್ಲಿ ಮೂರು ಗಂಟೆಗೆ 60 ಪ್ರಶ್ನೆ. ನಾಲ್ಕೂ ವಿಷಯಕ್ಕೆ ತಲಾ 15. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಜೀವಶಾಸ್ತ್ರವನ್ನು ಪೂರ್ತಿ ಬಿಟ್ಟರೆ 240ರಲ್ಲಿ 60 ಹೋದಂತೆ. ನೀವು ವೈದ್ಯಕೀಯದವರಷ್ಟು ಓದಬೇಕಿಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಅನುವಂಶೀಯತೆ, ಪರಿಸರ, ಜೀವಕೋಶ, ಜೈವಿಕ ಅಣುಗಳು ಈ ನಾಲ್ಕನ್ನು ಎರಡು ತಿಂಗಳು ನಿಧಾನಕ್ಕೆ ಓದಿದರೆ ಹಲವು ಪ್ರಶ್ನೆಗಳಿಗೆ ತರ್ಕದಿಂದಲೇ ಉತ್ತರ ಹೊಳೆಯುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಗೊತ್ತಾದರೂ ಉಳಿದ ಮೂರರಲ್ಲಿ ಒಂದನ್ನು ಊಹಿಸಿ ಬರೆಯುವುದು ಲಾಭವೇ: ಸರಾಸರಿ ಪ್ರಶ್ನೆಗೆ 0.67 ಅಂಕ ಗಿಟ್ಟುತ್ತದೆ. ನೆಸ್ಟ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಅಂಕ ಬಂದ ಮೂರು ವಿಭಾಗಗಳನ್ನೇ ಹಿಡಿದು ರ‍್ಯಾಂಕ್ ಕೊಟ್ಟಿದ್ದಾರೆ, ಪಿಸಿಎಂ ಓದಿದವರಿಗೆ ಅದು ಅನುಕೂಲ. ಆಯಾ ವರ್ಷದ ಕೈಪಿಡಿಯಲ್ಲಿ ನಿಯಮವನ್ನು ಮತ್ತೆ ಖಚಿತಮಾಡಿಕೊಳ್ಳಿ.

ಹಲವರು ಎಡವುವ ಜಾಗ ಇನ್ನೊಂದಿದೆ. ಐಐಎಸ್‌ಸಿ ಕೂಡ ಐಎಟಿ ಅಂಕ ನೋಡುತ್ತದೆ, ಜೆಇಇ ಅಂಕವನ್ನೂ ನೋಡುತ್ತದೆ. ಆದರೆ ಅದಕ್ಕೆ ಐಐಎಸ್‌ಸಿಯದೇ ಪ್ರತ್ಯೇಕ ಅರ್ಜಿ ಹಾಕಿರಬೇಕು. ಐಎಟಿ ಬರೆದ ಮಾತ್ರಕ್ಕೆ ಹೆಸರು ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ನನಗೆ ಸ್ಟ್ರಿಂಗ್ ಥಿಯರಿ ಬೇಕು, ಲ್ಯಾಬ್ ಎಂದರೆ ಆಗದು. ಲ್ಯಾಬ್ ಇಲ್ಲದ ಕಾಲೇಜು ಯಾವುದು?
— ವಿದ್ಯಾರ್ಥಿ, ಶಿವಮೊಗ್ಗ

ಲ್ಯಾಬ್ ಇಲ್ಲದ ಭೌತವಿಜ್ಞಾನ ಪದವಿ ಹುಡುಕಬೇಡಿ. ಗಣಿತ ಹೆಚ್ಚಿರುವ ಕಡೆ ಹುಡುಕಿ. ಚೆನ್ನೈ ಬಳಿಯ ಸಿರುಸೇರಿಯಲ್ಲಿರುವ ಚೆನ್ನೈ ಗಣಿತ ಸಂಸ್ಥೆಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಸೇರಿದ ಮೂರು ವರ್ಷದ ಆನರ್ಸ್ ಪದವಿಯಿದೆ. ಅದಕ್ಕೆ ಅವರದೇ ಪರೀಕ್ಷೆ. ಪ್ರಶ್ನೆಗಳಿಗೆ ಪೂರ್ತಿ ಸಾಧನೆ (ಪ್ರೂಫ್) ಬರೆಯಬೇಕಾಗಿ ಬರುತ್ತದೆ, ಟಿಕ್ ಹಾಕುವ ಅಭ್ಯಾಸ ಸಾಲದು.

ಒಂದು ಮಾತು ತಿಳಿದಿರಲಿ. ಪದವಿಯ ಹಂತದಲ್ಲಿ ಥಿಯರಿ ಸಂಶೋಧನೆ ಎಂದರೆ ಬಹುಮಟ್ಟಿಗೆ ಓದುವ ಪ್ರಾಜೆಕ್ಟ್: ಒಂದು ಪುಸ್ತಕದ ಅಧ್ಯಾಯಗಳನ್ನು ಬಿಡಿಸಿ, ಲೆಕ್ಕ ಮಾಡಿ, ಗೈಡ್ ಮುಂದೆ ಹೇಳುವುದು. ಹೊಸ ಫಲಿತಾಂಶ ಬೇಗ ಕೈಗೆ ಸಿಗುವುದು ಗಣಕ ಲೆಕ್ಕಾಚಾರದಲ್ಲಿ, ಇಲ್ಲವೇ ದತ್ತಾಂಶ ವಿಶ್ಲೇಷಣೆಯಲ್ಲಿ.

ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್‌ಸಿ ಮೊದಲ ವರ್ಷ. ಮನೆಯ ಪರಿಸ್ಥಿತಿಯಿಂದ ಊರು ಬಿಡಲಾಗಲಿಲ್ಲ. ನಮ್ಮ ಲ್ಯಾಬ್‌ನಲ್ಲಿ ಲೋಲಕ, ಸ್ಪೆಕ್ಟ್ರೋಮೀಟರ್ ಬಿಟ್ಟರೆ ಹೆಚ್ಚೇನೂ ಇಲ್ಲ. ಸಂಶೋಧನೆಯ ದಾರಿ ಮುಚ್ಚಿತೇ?
— ವಿದ್ಯಾರ್ಥಿ, ಚಿತ್ರದುರ್ಗ ಜಿಲ್ಲೆ

ಮುಚ್ಚಿಲ್ಲ, ಆದರೆ ಬಾಗಿಲನ್ನು ನೀವೇ ತೆಗೆಯಬೇಕು. ಮೊದಲು ಒಂದು ಹಿನ್ನೆಲೆ. 2021-22ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಇತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಹೀಗಾಗಿ ನಿಮ್ಮ ಪಠ್ಯಕ್ರಮದಲ್ಲಿ ಪ್ರತ್ಯೇಕ ಸಂಶೋಧನಾ ವರ್ಷವಿಲ್ಲ. ಎರಡು ಬೇಸಿಗೆ ರಜೆಗಳೇ ನಿಮ್ಮ ಬಂಡವಾಳ.

ಮೊದಲು ತಿಳಿಯಬೇಕಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಎಂಟು ವಾರ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಕೆಲಸ, ಜೊತೆಗೆ ಸಂಭಾವನೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಿಂದಿನ ವರ್ಷದ ಚಳಿಗಾಲಕ್ಕೇ ಮುಗಿದುಹೋಗುತ್ತದೆ. ಏಪ್ರಿಲ್‌ನಲ್ಲಿ ವಿಚಾರಿಸುವವರಿಗೆ ಆ ವರ್ಷ ಇಲ್ಲ. ಅರ್ಜಿಯಲ್ಲಿ ಒಂದು ಕಿರು ಬರಹ ಮತ್ತು ಅಧ್ಯಾಪಕರ ಶಿಫಾರಸು ಮುಖ್ಯ. ಶಿಫಾರಸು ಗಡುವಿನೊಳಗೆ ತಲುಪದೆ ಅಪೂರ್ಣವಾಗುವ ಅರ್ಜಿಗಳಿಗೆ ಲೆಕ್ಕವಿಲ್ಲ. ಅಧ್ಯಾಪಕರಿಗೆ ಮೂರು ವಾರ ಮೊದಲೇ ಹೇಳಿ, ನೀವು ಮಾಡಿದ ಕೆಲಸದ ಎರಡು ಪುಟ ಕೈಗಿಡಿ. ಹುಡುಗನ ಕೆಲಸವನ್ನೇ ನೋಡಿರದವರು ಬರೆಯುವ ಪತ್ರದಲ್ಲಿ ‘ಶಿಸ್ತಿನ ವಿದ್ಯಾರ್ಥಿ’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಕಿರು ಬರಹದಲ್ಲಿ ‘ಚಿಕ್ಕಂದಿನಿಂದಲೂ ನಕ್ಷತ್ರಗಳೆಂದರೆ ಆಸೆ’ ಎಂದು ಶುರುಮಾಡಬೇಡಿ. ಏನು ಓದಿದಿರಿ, ಯಾವ ಲೆಕ್ಕ ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಈಗ ಯಾವ ಪ್ರಶ್ನೆ ಉಳಿದಿದೆ, ಇಷ್ಟೇ ಇರಲಿ.

ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವ ಎನ್‌ಐಯುಎಸ್ ಎಂಬ ವಿಜ್ಞಾನ ತರಬೇತಿ ಕಾರ್ಯಕ್ರಮ ಇರುವುದೇ ಬಿಎಸ್‌ಸಿ ಓದುವವರಿಗಾಗಿ. ಪದವಿಯ ಆರಂಭದಲ್ಲೇ ಅದರ ಶಿಬಿರಕ್ಕೆ ಅರ್ಜಿ ಹಾಕಿ. ರಾಮನ್ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮಕ್ಕೆ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ನೇರವಾಗಿ ವಿಜ್ಞಾನಿಗೆ ಇಮೇಲ್ ಬರೆಯುವುದಾದರೆ ಐದಾರು ಜನಕ್ಕೆ ಬೇರೆ ಬೇರೆಯಾಗಿ ಬರೆಯಿರಿ. ಅರವತ್ತು ವಿಳಾಸಕ್ಕೆ ಒಂದೇ ಪತ್ರ ಕಳಿಸಿದರೆ ಅದು ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. 150 ಪದ ಸಾಕು: ಯಾವ ಕಾಲೇಜು, ಯಾವ ವರ್ಷ, ಅವರ ಯಾವ ಪ್ರಬಂಧದ ಯಾವ ಭಾಗ ಓದಿದಿರಿ, ನಿಮಗೆ ಏನು ಬರುತ್ತದೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲಿರಿ. ಅಂಕಪಟ್ಟಿ, ಜೊತೆಗೆ ಮಾಡಿದ ಕೆಲಸದ ಮಾದರಿ. ಹತ್ತು ದಿನದ ಮೇಲೆ ಒಮ್ಮೆ ನೆನಪಿಸಿ. ಆಮೇಲೂ ಉತ್ತರ ಬಾರದಿದ್ದರೆ ಬಿಡಿ, ಮುಂದಿನವರಿಗೆ ಬರೆಯಿರಿ.

‘ಕೆಲಸದ ಮಾದರಿ ಎಲ್ಲಿಂದ ತರಲಿ, ಇರುವುದು ಲೋಲಕ’ ಎನ್ನುತ್ತೀರಿ. ಲೋಲಕದಿಂದಲೇ ತನ್ನಿ. ಒಂದು ಮೀಟರ್ ಲೋಲಕದ ಅವಧಿ ಸುಮಾರು 2 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಕೈಯ ತಪ್ಪು ಸುಮಾರು 0.2 ಸೆಕೆಂಡು. ಒಂದೇ ಆಂದೋಲನ ಅಳೆದರೆ ಶೇ 10ರಷ್ಟು ತಪ್ಪು, 50 ಅಳೆದರೆ 100 ಸೆಕೆಂಡಿಗೆ 0.2, ಅಂದರೆ ಶೇ 0.2. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಅವಧಿಯ ವರ್ಗವಿರುವುದರಿಂದ ಅದರಲ್ಲಿ ಶೇ 0.4. ಇಷ್ಟು ಹುಷಾರಾಗಿ ಮಾಡಿ, ಉದ್ದವನ್ನು ಮಾತ್ರ ಗುಂಡಿನ ಮಧ್ಯದವರೆಗೆ ಅಳೆಯದೆ ದಾರ ಮುಗಿಯುವಲ್ಲಿಗೆ ನಿಲ್ಲಿಸಿದರೆ, 1 ಸೆಂಟಿಮೀಟರ್ ತ್ರಿಜ್ಯದ ಗುಂಡು ಶೇ 1ರ ತಪ್ಪನ್ನು ಒಳಗೆ ತರುತ್ತದೆ. 500 ಆಂದೋಲನ ಎಣಿಸಿದರೂ ಅದು ಹೋಗದು. ಯಾವ ತಪ್ಪು ಎಷ್ಟು ದೊಡ್ಡದು, ಯಾವುದನ್ನು ಮೊದಲು ಸರಿಮಾಡಬೇಕು ಎಂದು ಇಷ್ಟು ಲೆಕ್ಕದೊಂದಿಗೆ ಬರೆದ ಎರಡು ಪುಟ, ಶೇ 95 ಅಂಕದ ಪಟ್ಟಿಗಿಂತ ಹೆಚ್ಚು ಹೇಳುತ್ತದೆ. ಇದರ ಜೊತೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ: ದತ್ತಾಂಶ ಓದುವುದು, ನಕ್ಷೆ ಬರೆಯುವುದು, ಅಳತೆಯ ಬಿಂದುಗಳಿಗೆ ಲೀಸ್ಟ್ ಸ್ಕ್ವೇರ್ಸ್ ವಿಧಾನದಿಂದ ಗೆರೆ ಹೊಂದಿಸುವುದು. ಮೊದಲ ಪ್ರಾಜೆಕ್ಟಿಗೆ ಇಷ್ಟು ಬಂದರೆ ನಡೆಯುತ್ತದೆ.

ಕೆಲವು ಸಾವಿರ ರೂಪಾಯಿ, ಒಬ್ಬಿಬ್ಬರು ಗೆಳೆಯರು, ಒಪ್ಪುವ ಅಧ್ಯಾಪಕರು ಸಿಕ್ಕರೆ ಆಕಾಶಗಂಗೆಯ ಹೈಡ್ರೋಜನ್ ರೇಡಿಯೋ ಅಲೆಯನ್ನು ಕಾಲೇಜಿನ ತಾರಸಿಯಿಂದಲೇ ಹಿಡಿಯಬಹುದು. ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಕೊಂಬಿನಾಕಾರದ ಆ್ಯಂಟೆನಾ, ಕಡಿಮೆ ಗದ್ದಲದ ಆಂಪ್ಲಿಫೈಯರ್, ಯುಎಸ್‌ಬಿಗೆ ಚುಚ್ಚುವ ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೋ) ರಿಸೀವರ್, ಒಂದು ಲ್ಯಾಪ್‌ಟಾಪ್ ಸಾಕು. ಅಲೆಯ ಆವರ್ತನ 1420.4 ಮೆಗಾಹರ್ಟ್ಜ್. ಅನಿಲ ನಮ್ಮತ್ತಲೋ ನಮ್ಮಿಂದ ದೂರಕ್ಕೋ ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಸರಿದರೆ, ಆವರ್ತನದ ನಕ್ಷೆಯಲ್ಲಿ ಕಾಣುವ ಅದರ ಗೆರೆ ಸುಮಾರು 4.7 ಕಿಲೋಹರ್ಟ್ಜ್ ಪಲ್ಲಟವಾಗುತ್ತದೆ. ರಿಸೀವರಿನ 2.4 ಮೆಗಾಹರ್ಟ್ಜ್ ಅಗಲದೊಳಗೆ ಆಕಾಶಗಂಗೆಯ ತಿರುಗುವಿಕೆಯೇ ಕಾಣಿಸುತ್ತದೆ. ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ಆಂಪ್ಲಿಫೈಯರನ್ನು ಆ್ಯಂಟೆನಾದ ಬುಡದಲ್ಲೇ ಕೂರಿಸದೆ ಉದ್ದ ಕೇಬಲಿನ ಈಚೆ ತುದಿಗೆ ಇಟ್ಟರೆ, ಕೇಬಲಿನಲ್ಲಿ ಆಗುವ ನಷ್ಟ ಹಾಗೇ ಗದ್ದಲವಾಗಿ ಸೇರಿ ಗೆರೆಯನ್ನು ನುಂಗುತ್ತದೆ. ಮೊಬೈಲ್ ಟವರ್ ಪಕ್ಕದಲ್ಲಿದ್ದರೆ ಫಿಲ್ಟರ್ ಇಲ್ಲದೆ ಏನೂ ಕಾಣದು.

ಮೂರು ವರ್ಷ ಮುಗಿದ ಮೇಲೆ ಜಾಮ್ ಪರೀಕ್ಷೆ. ಅದರಿಂದ ಐಐಟಿಗಳ ಎಂಎಸ್‌ಸಿಗೂ, ಐಐಎಸ್‌ಸಿಯ ಭೌತವಿಜ್ಞಾನ ಇಂಟಿಗ್ರೇಟೆಡ್ ಪಿಎಚ್‌ಡಿಗೂ ದಾರಿಯಿದೆ. ಪಿಯುಸಿಯಲ್ಲಿ ತಪ್ಪಿದ ಸಂಸ್ಥೆಗೆ ಹೀಗೆ ಮೂರು ವರ್ಷದ ಮೇಲೆ ಹೋಗಬಹುದು.

ಒಂದು ಖಾಸಗಿ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ‘ಮೊದಲ ವರ್ಷದಿಂದಲೇ ಸಂಶೋಧನೆ’ ಎಂದಿದೆ. ಶುಲ್ಕ ಜಾಸ್ತಿ. ನಿಜವೋ ಜಾಹೀರಾತೋ ಹೇಗೆ ತಿಳಿಯುವುದು?
— ಪೋಷಕರು, ತುಮಕೂರು

ಭೇಟಿ ಕೊಡಿ. ಭಾನುವಾರ ಬೇಡ, ತರಗತಿ ನಡೆಯುವ ದಿನ ಹೋಗಿ. ಸ್ವಾಗತ ಕೊಠಡಿ ದಾಟಿ ಮೂರನೇ ವರ್ಷದ ಲ್ಯಾಬ್ ತೋರಿಸಿ ಎನ್ನಿ. ಮೊದಲ ವರ್ಷದ ಲ್ಯಾಬ್ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಫ್ರಾಂಕ್-ಹರ್ಟ್ಜ್, ಝೀಮನ್ ಪರಿಣಾಮ, ಹಾಲ್ ಪರಿಣಾಮ, ಗಾಮಾ ಸ್ಪೆಕ್ಟ್ರೋಮೀಟರ್ ಇವುಗಳ ಪ್ರಯೋಗ ಉಪಕರಣಗಳು ಇವೆಯೇ? ಇದ್ದರೆ ದೂಳು ಹಿಡಿದಿವೆಯೋ, ಪಕ್ಕದಲ್ಲಿ ವಿದ್ಯಾರ್ಥಿಗಳ ರೀಡಿಂಗ್ ಬರೆದ ಪುಸ್ತಕವಿದೆಯೋ? ಒಂದು ಸೆಟ್‌ಗೆ ಎಷ್ಟು ಜನ? ಇಬ್ಬರೆಂದರೆ ಒಳ್ಳೆಯದು. ಆರೆಂದರೆ ಒಬ್ಬ ಮಾಡುತ್ತಾನೆ, ಐವರು ನಕಲಿಸುತ್ತಾರೆ. ದ್ರವ ಸಾರಜನಕ ಬರುತ್ತದೆಯೇ ಎಂದು ಕೇಳಿ. 77 ಕೆಲ್ವಿನ್‌ನ ಆ ದ್ರವ ತಿಂಗಳಿಗೊಮ್ಮೆಯೂ ಬಾರದ ಕಡೆ ತಂಪು ಉಷ್ಣತೆಯ ಪ್ರಯೋಗ ನಡೆಯುತ್ತಿಲ್ಲ ಎಂದೇ ಅರ್ಥ.

ಮುಂದೆ ಪಠ್ಯಕ್ರಮದ ಕಡತ ತರಿಸಿ. ಪ್ರಾಜೆಕ್ಟಿಗೆ ಎಷ್ಟು ಕ್ರೆಡಿಟ್? ಎರಡು ಕ್ರೆಡಿಟ್ ಎಂದರೆ ಸೆಮಿನಾರ್ ಪ್ರಬಂಧ. ಹನ್ನೆರಡೋ ಹದಿನಾರೋ ಎಂದರೆ ನಿಜವಾದ ಸೆಮಿಸ್ಟರ್ ಕೆಲಸ. ಆ ಸಮಯದಲ್ಲಿ ಹೊರಗಿನ ಸಂಸ್ಥೆಗೆ ಹೋಗಲು ಬಿಡುತ್ತಾರೆಯೇ, ಹಾಜರಾತಿ ನಿಯಮ ಅಡ್ಡಬರುತ್ತದೆಯೇ? ಇದನ್ನು ಬರಹದಲ್ಲಿ ನೋಡಿ, ಬಾಯಿಮಾತು ನಂಬಬೇಡಿ.

ಅಧ್ಯಾಪಕರ ಹೆಸರುಗಳನ್ನು ಬರೆದುಕೊಂಡು ಬಂದು, ಸಂಶೋಧನಾ ಪ್ರಬಂಧಗಳನ್ನು ಹಾಕುವ ಆರ್ಕೈವ್ (arXiv) ತಾಣದಲ್ಲಿ, ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಕಳೆದ ಮೂರು ವರ್ಷದಲ್ಲಿ ಏನಾದರೂ ಬರೆದಿದ್ದಾರೆಯೇ, ಸಹಲೇಖಕರಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆಯೇ ನೋಡಿ. ವಿಭಾಗದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿದ್ದಾರೆಯೇ ಎಂಬುದು ಇನ್ನೂ ದೊಡ್ಡ ಸುಳಿವು. ಪದವಿ ಹುಡುಗರಿಗೆ ದಿನನಿತ್ಯ ಉಪಕರಣ ಹಿಡಿಯಲು ಕಲಿಸುವವರು ಅವರೇ, ಪ್ರೊಫೆಸರಿಗೆ ಅಷ್ಟು ಹೊತ್ತು ಇರುವುದಿಲ್ಲ. ಕೊನೆಯದಾಗಿ, ಹಣ ಕಟ್ಟಿದರೆ ಪದವಿ ಮುಗಿಯುವುದರೊಳಗೆ ನಿಮ್ಮ ಮಗಳ ಹೆಸರಿನಲ್ಲಿ ಪೇಪರ್ ಪ್ರಕಟಿಸಿಕೊಡುತ್ತೇವೆ ಎಂದವರಿದ್ದರೆ ಅಲ್ಲಿಂದ ಎದ್ದು ಬನ್ನಿ. ದುಡ್ಡಿಗೆ ಅಚ್ಚು ಹಾಕುವ ನಿಯತಕಾಲಿಕಗಳಲ್ಲಿ ಬಂದ ಪೇಪರ್ ಪಿಎಚ್‌ಡಿ ಸಂದರ್ಶನದಲ್ಲಿ ತೊಂದರೆಯನ್ನೇ ತರುತ್ತದೆ.

ಐಐಟಿಯ ಎಂಜಿನಿಯರಿಂಗ್ ಫಿಸಿಕ್ಸ್ ಸೇರಿಸಿದರೆ ಕೆಲಸಕ್ಕೂ ಆಯಿತು, ಸಂಶೋಧನೆಗೂ ಆಯಿತು ಅಲ್ಲವೇ?
— ತಂದೆ, ಮಂಗಳೂರು

ಬಹುಮಟ್ಟಿಗೆ ಹೌದು. ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಬರುವುದಾದರೆ ಬಾಂಬೆ, ದೆಹಲಿ, ಮದ್ರಾಸ್ ಐಐಟಿಗಳ ಎಂಜಿನಿಯರಿಂಗ್ ಫಿಸಿಕ್ಸ್, ಕಾನ್ಪುರದ ನಾಲ್ಕು ವರ್ಷದ ಬಿಎಸ್ ಭೌತವಿಜ್ಞಾನ, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿ ಎಲ್ಲವೂ ಗಟ್ಟಿ ಜಾಗಗಳೇ. ಇಂಥ ಪದವಿಯಿಂದ ನೇರ ಪಿಎಚ್‌ಡಿಗೂ ಹೋಗುತ್ತಾರೆ. ಕೊರತೆ ಬೇರೆ ಥರದ್ದು. ಮೂರನೇ ವರ್ಷದ ಹೊತ್ತಿಗೆ ಸುತ್ತಲಿನವರೆಲ್ಲ ಕಂಪನಿಗಳ ಇಂಟರ್ನ್‌ಶಿಪ್ ಹುಡುಕುವಾಗ ಲ್ಯಾಬ್‌ನಲ್ಲಿ ಉಳಿಯಲು ಮನಸ್ಸು ಗಟ್ಟಿಯಿರಬೇಕು. ಎರಡನೇ ವರ್ಷ ಬ್ರಾಂಚ್ ಬದಲಿಸಿಕೊಳ್ಳೋಣ ಎಂಬ ಲೆಕ್ಕದಿಂದ ಸೇರಿಸುವುದಾದರೆ ಬೇಡ.

ವಿದ್ಯಾರ್ಥಿವೇತನ?
— ಹಲವರು

ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, ಉಳಿದ 20,000 ಬೇಸಿಗೆ ಸಂಶೋಧನಾ ಪ್ರಾಜೆಕ್ಟಿಗೆ. ಪಿಯುಸಿ ಮಂಡಳಿಯ ಮೇಲಿನ ಶೇ 1ರಲ್ಲಿ ಬಂದು ಮೂಲವಿಜ್ಞಾನ ಪದವಿಗೆ ಸೇರಿದವರಿಗೆ, ಜೆಇಇ ಅಥವಾ ನೀಟ್‌ನಲ್ಲಿ 10,000ದೊಳಗಿನ ರ‍್ಯಾಂಕ್ ಪಡೆದು ಮೂಲವಿಜ್ಞಾನ ಆರಿಸಿಕೊಂಡವರಿಗೆ ಇದು ಸಿಗುತ್ತದೆ. ಬಿಟೆಕ್‌ಗೆ ಇಲ್ಲ. ಹಳ್ಳಿಯ ಪದವಿ ಕಾಲೇಜಿನವರಿಗೂ ಸಿಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ನೈಸರ್ ಮತ್ತು ಸಿಇಬಿಎಸ್‌ಗೆ ಅಣುಶಕ್ತಿ ಇಲಾಖೆಯ ‘ದಿಶಾ’ ಇದೆ, ವರ್ಷಕ್ಕೆ 60,000 ಮತ್ತು ಬೇಸಿಗೆ ಕೆಲಸಕ್ಕೆ 20,000. ಬೇಸಿಗೆಯ ಕೆಲಸ ಮಾಡಿ ವರದಿ ಸಲ್ಲಿಸದಿದ್ದರೆ ಆ ಭಾಗದ ಹಣ ಬಾರದು.

ನಾವು ಟೆಕ್ಸಾಸ್‌ನಲ್ಲಿದ್ದೇವೆ, ಮಗಳಿನ್ನೂ ಅವಲಂಬಿತ ವೀಸಾದಲ್ಲಿದ್ದಾಳೆ. ದೊಡ್ಡ ರಾಜ್ಯ ವಿಶ್ವವಿದ್ಯಾಲಯವೋ, ಸಣ್ಣ ಕಾಲೇಜೋ?
— ತಾಯಿ, ಡಲ್ಲಾಸ್

ವೀಸಾದ ವಿಷಯ ಮೊದಲು. ಅಮೆರಿಕದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಸಂಶೋಧನೆ ಮಾಡುವುದು ಬಹುಪಾಲು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಹಣದ ಆರ್‌ಇಯು ಕಾರ್ಯಕ್ರಮದಲ್ಲಿ. ಅದರ ಸಂಭಾವನೆ ಅಲ್ಲಿಯ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಹಾಗಾಗಿ ನಿಮ್ಮ ಮಗಳು ಓದುವ ಕ್ಯಾಂಪಸ್ಸಿನೊಳಗೇ ಸಂಶೋಧನೆ ಸಿಗುವಂತಿರಬೇಕು. ಈ ಲೆಕ್ಕದಲ್ಲಿ ಹಲವಾರು ಸಂಶೋಧನಾ ತಂಡಗಳಿರುವ ದೊಡ್ಡ ವಿಶ್ವವಿದ್ಯಾಲಯಕ್ಕೆ ಒಂದು ಅಂಕ ಹೆಚ್ಚು. ಆದರೆ ಅಲ್ಲಿ ಮೊದಲ ವರ್ಷದ ತರಗತಿಯಲ್ಲಿ ನೂರಾರು ಜನ, ತಾನಾಗಿ ಹೋಗಿ ಬಾಗಿಲು ತಟ್ಟುವ ಸ್ವಭಾವ ಬೇಕು. ಸಣ್ಣ ಕಾಲೇಜುಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಕಾರಣ ಪ್ರೊಫೆಸರುಗಳಿಗೆ ಪದವಿ ವಿದ್ಯಾರ್ಥಿಗಳೇ ಕೈಗಳು. ರೀಡ್ ಕಾಲೇಜಿನಲ್ಲಂತೂ ಥೀಸಿಸ್ ಬರೆಯದೆ ಯಾರಿಗೂ ಪದವಿ ಇಲ್ಲ. ಪ್ರಿನ್ಸ್‌ಟನ್ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವಾದರೂ ಕೊನೆಯ ವರ್ಷ ಥೀಸಿಸ್ ಬರೆಸುತ್ತದೆ. ಸೇರುವ ಮುನ್ನ ವಿಭಾಗಕ್ಕೆ ಬರೆದು ಎರಡು ಪ್ರಶ್ನೆ ಕೇಳಿ: ಕಳೆದ ವರ್ಷ ಪದವಿ ಪಡೆದವರಲ್ಲಿ ಎಷ್ಟು ಜನ ಥೀಸಿಸ್ ಬರೆದರು? ನಿಮ್ಮ ಮಗಳ ವೀಸಾದಲ್ಲಿ ಬೇಸಿಗೆಯ ಸಂಭಾವನೆ ಕೊಡಲು ಆಗುತ್ತದೆಯೇ, ಇಲ್ಲವಾದರೆ ಕ್ರೆಡಿಟ್ ಲೆಕ್ಕದಲ್ಲಿ ಕೆಲಸ ಮಾಡಲು ಬಿಡುತ್ತಾರೆಯೇ?

ಜರ್ಮನಿಯಲ್ಲಿ ಶುಲ್ಕವಿಲ್ಲವಂತೆ. ಪಿಯುಸಿ ಮುಗಿಸಿ ನೇರ ಹೋಗಬಹುದೇ?
— ವಿದ್ಯಾರ್ಥಿ, ಉಡುಪಿ

ಪಿಯುಸಿ ಒಂದರಿಂದ ಸಾಮಾನ್ಯವಾಗಿ ಆಗದು. ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗಿರಬೇಕು, ಅಥವಾ ಇಲ್ಲಿಯ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದಲ್ಲಿ ಒಂದು ವರ್ಷ ಮುಗಿಸಿರಬೇಕು. ಎರಡೂ ಇಲ್ಲದವರು ಅಲ್ಲಿಯ ಸ್ಟುಡಿಯನ್‌ಕೊಲೆಗ್‌ನಲ್ಲಿ ಸುಮಾರು ಒಂದು ವರ್ಷದ ಪೂರ್ವಸಿದ್ಧತೆ ಓದಬೇಕು. ಮೂರು ವರ್ಷದ ಭೌತವಿಜ್ಞಾನ ಪದವಿ ಬಹುತೇಕ ಕಡೆ ಜರ್ಮನ್ ಭಾಷೆಯಲ್ಲೇ ಇದೆ, ಸಿ1 ಮಟ್ಟ (ಭಾಷಾ ಪರಿಣತಿಯ ಆರು ಹಂತಗಳಲ್ಲಿ ಐದನೆಯದು) ಕೇಳುತ್ತಾರೆ. ಸೊನ್ನೆಯಿಂದ ಅಲ್ಲಿಗೆ ತಲುಪಲು ಒಂದೂವರೆ ವರ್ಷವಾದರೂ ಇಟ್ಟುಕೊಳ್ಳಿ. ಓದಿನ ದಾಖಲೆಗಳನ್ನು ಪರಿಶೀಲಿಸಿ ಜರ್ಮನ್ ರಾಯಭಾರ ಕಚೇರಿಯ ಎಪಿಎಸ್ ವಿಭಾಗ ಕೊಡುವ ಪ್ರಮಾಣಪತ್ರ ಕಡ್ಡಾಯ. ಜೀವನ ವೆಚ್ಚಕ್ಕೆ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ವರ್ಷಕ್ಕೆ ಇಡಬೇಕಾದ ಮೊತ್ತವನ್ನು 2024ರ ಸೆಪ್ಟೆಂಬರ್‌ನಲ್ಲಿ 11,904 ಯೂರೋಗೆ ಏರಿಸಿದರು. ಶುಲ್ಕವಿಲ್ಲ ಎಂಬುದೂ ಎಲ್ಲ ಕಡೆಗೆ ನಿಜವಲ್ಲ: ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ, ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಇಲ್ಲಿಯೇ ಬಿಎಸ್‌ಸಿಗೆ ಸೇರಿ, ಜೊತೆಗೆ ಜರ್ಮನ್ ಕಲಿಯುತ್ತ, ಮೊದಲ ವರ್ಷದ ಅಂಕಪಟ್ಟಿ ಹಿಡಿದು ಅರ್ಜಿ ಹಾಕುವುದು ಹೆಚ್ಚಿನವರಿಗೆ ಖರ್ಚಿನಲ್ಲೂ ಸಮಯದಲ್ಲೂ ಹೊಂದುವ ದಾರಿ.